ಕೆನ್ನೆಗಿಟ್ಟು ನೋಡುತ್ತಿದ್ದ ಅಕ್ಕ

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ, ಕಬ್ಬಿಣ ಎರಕ ಹೊಯ್ಯುವ ನಮ್ಮ ಫೌಂಡ್ರಿಯಿಂದ ಶಿಫ್ಟು ಮುಗಿಸಿ ಹೊರಬರುವವರ ಮುಖ ಪೂರ್ತಿ ಕಪ್ಪಗಿರುತ್ತದೆ. ನನ್ನದು ಒಳಗೆ ಹೋಗುವಾಗಲೂ ಹಾಗೇ ಇರುತ್ತದೆ, ಆ ಮಾತು ಬೇರೆ. ಆದರೆ ಅಕ್ಕನ ಮುಖದಲ್ಲಿ ಎಡಗೆನ್ನೆ ಮಾತ್ರ ಕಪ್ಪು. ಹಣೆ, ಮೂಗು, ಬಲಗೆನ್ನೆ ಎಲ್ಲ ಮನೆಯಿಂದ ತಂದ ಹಾಗೇ ಇದ್ದು, ಎಡಗೆನ್ನೆಯ ಮೇಲೆ ಯಾರೋ ಅಂಗೈಯಲ್ಲಿ ಮಸಿ ಒತ್ತಿದ ಹಾಗೆ ಒಂದು ಗುರುತು. ಹೊಸದಾಗಿ ಸೇರಿದವರು, "ಅಕ್ಕ, ಕೆನ್ನೆಗೇನೋ ಅಂಟಿದೆ" ಅನ್ನುತ್ತಿದ್ದರು. ಅಕ್ಕ ಒರೆಸಿಕೊಳ್ಳುತ್ತಿರಲಿಲ್ಲ. "ಅಂಟ್ಕಂಡಿರ್ಲಿ ಬುಡಪ್ಪ, ಅದ್ಕೂ ಎಲ್ಲೂ ದಿಕ್ಕಿಲ್ವೇನೋ" ಅನ್ನುತ್ತಿದ್ದರು.

ಹೋದ ತಿಂಗಳು ಅಕ್ಕ ತೀರಿಕೊಂಡರು. ಮೂಗೂರಿನ ಪಕ್ಕದ ಅವರ ಊರಿನಲ್ಲಿ ಮಣ್ಣಿಗೆ ಹೋಗಿ ಬಂದಾಗಿನಿಂದ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಒದ್ದಾಡುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ "ನನ್ನ ಪೇಪರ್‌ಗೆ ಆಕ್ಬುಟ್ಯೇನ್ಲಾ, ಕಳ್ಳತನ ಮಾಡಿದ್ನಾ ನಾನು?" ಎಂದು ಎಲ್ಲಿದ್ದರೂ ಬೈಯುತ್ತಾರೆ. ಫೌಂಡ್ರಿಯಲ್ಲೂ ಅವರ ಹೆಸರು ಗೊತ್ತಿದ್ದದ್ದು ಸಂಬಳದ ಸೆಕ್ಷನ್ನಿಗೆ ಮಾತ್ರ. ನಮಗೆಲ್ಲ ಅಕ್ಕ. ಅವರಿಗಿಂತ ದೊಡ್ಡವರಿಗೂ ಅಕ್ಕ.

ನಾನು ಅಲ್ಲಿಗೆ ಸೇರಿದ್ದು ಡಿಪ್ಲೊಮಾ ಮುಗಿಸಿ. ಮುಗಿಸಿ ಅನ್ನುವುದು ಉದಾರವಾದ ಮಾತು. ಇವನ ಮುಖ ಇನ್ನೊಂದು ವರ್ಷ ನೋಡಲಾರೆವು ಎಂದು ಕಾಲೇಜಿನವರು ಪಾಸು ಮಾಡಿ ಕಳಿಸಿದರು. ನನಗೆ ನಿಜವಾಗಿ ಬರುವ ವಿದ್ಯೆ ಒಂದೇ, ಮಿಮಿಕ್ರಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಥರ ಕೂಗಿ ಜನರನ್ನು ಖಾಲಿ ಬಸ್ಸಿಗೆ ಹತ್ತಿಸಿ ಏಟು ತಿಂದವನು ನಾನು. ಫೌಂಡ್ರಿಗೆ ಬಂದ ಮೇಲೆ ನನಗೆ ಹಬ್ಬ. ಮಾತಿಗೊಮ್ಮೆ "ಸೀ" ಅನ್ನುವ ಮ್ಯಾನೇಜರ್, ಮೂಗಿನಲ್ಲಿ ಹಾಡುವ ಕ್ಯಾಂಟೀನಿನವನು, ಕ್ರೇನಿನ ಸೈರನ್, ಬಿಸಿ ಎರಕವನ್ನು ಅಲ್ಲಾಡಿಸುವ ಮೆಷಿನ್ನು, ಯಾರನ್ನೂ ಬಿಡಲಿಲ್ಲ. ನನ್ನನ್ನೂ ಬಿಡಲಿಲ್ಲ, ಇಂಟರ್‌ವ್ಯೂನಲ್ಲಿ ನಾನು ತೊದಲಿದ್ದನ್ನು ಮಾಡಿ ತೋರಿಸಿದರೆ ಇವತ್ತಿಗೂ ಜನ ಊಟದ ತಟ್ಟೆ ಬಿಟ್ಟು ನಗುತ್ತಾರೆ.

ನನ್ನನ್ನು ಹಾಕಿದ್ದು ಕೋರ್ ಶಾಪಿಗೆ, ಅಕ್ಕನ ಪಕ್ಕಕ್ಕೆ.

ಅಲ್ಲಿ ಏನು ಮಾಡುತ್ತಾರೆ ಅಂದರೆ, ಕಾರಿನ ಬಾನೆಟ್ ಎತ್ತಿದಾಗ ಕಾಣುವ ಗೋಜಲಿನ ಅಡಿಯಲ್ಲಿ ಒಂದು ಭಾರಿ ಕಬ್ಬಿಣದ ಗಡ್ಡೆ ಕೂತಿರುತ್ತದೆ. ಅದು ಎಂಜಿನ್ ಬ್ಲಾಕ್. ಹೊರಗಿನಿಂದ ಗಡ್ಡೆ, ಒಳಗೆಲ್ಲ ತೂತು, ಸುರಂಗ, ಓಣಿ. ಪಿಸ್ಟನ್ ಆಡುವುದಕ್ಕೆ ದೊಡ್ಡ ಕೊಳವೆಗಳು. ಅವುಗಳ ಸುತ್ತ, ಎಂಜಿನ್ ಕಾಯದ ಹಾಗೆ ನೀರು ತಿರುಗುವುದಕ್ಕೆ ತೆಳುವಾದ ಒಂದು ಓಣಿ. ಕಬ್ಬಿಣವನ್ನು ಕೊರೆದು ಅಂಥ ಓಣಿ ಮಾಡುವುದಕ್ಕೆ ಆಗುವುದಿಲ್ಲ. ಅದಕ್ಕೇ ಮೊದಲು ಓಣಿಯನ್ನು ಮರಳಿನಲ್ಲಿ ಮಾಡಿಕೊಳ್ಳುತ್ತೇವೆ. ಅಂಟು ಬೆರೆಸಿದ ಮರಳನ್ನು ಪೆಟ್ಟಿಗೆಗೆ ಊದಿ ಗಟ್ಟಿ ಮಾಡಿದರೆ ಆ ಓಣಿಯ ಆಕಾರದ ಮರಳಿನ ಗೊಂಬೆ ಬರುತ್ತದೆ. ಅದಕ್ಕೆ ಕೋರ್ ಅನ್ನುತ್ತಾರೆ. ಅದನ್ನು ದೊಡ್ಡ ಅಚ್ಚಿನೊಳಗೆ ಕೂರಿಸಿ, ಮುಚ್ಚಿ, ಕರಗಿದ ಕಬ್ಬಿಣ ಹೊಯ್ದರೆ ಕಬ್ಬಿಣ ಗೊಂಬೆಯ ಸುತ್ತ ಹರಿದು ಗಟ್ಟಿಯಾಗುತ್ತದೆ. ಆಮೇಲೆ ಬ್ಲಾಕನ್ನು ಗಡಗಡ ಅಲ್ಲಾಡಿಸುತ್ತಾರೆ. ಗೊಂಬೆ ಪುಡಿಯಾಗಿ ಉದುರಿಹೋಗುತ್ತದೆ. ಅದು ಇದ್ದ ಜಾಗ ಮಾತ್ರ ಉಳಿಯುತ್ತದೆ.

ಈ ನೀರಿನ ಓಣಿಯ ಕೋರೇ ಅಕ್ಕನ ಕೆಲಸ. ಬೆರಳು ಒತ್ತಿದರೆ ಮುರಿಯುವಷ್ಟು ತೆಳು. ಅದರ ಅಂಚನ್ನು ಸಣ್ಣ ಅರದಿಂದ ಉಜ್ಜಿ, ಕಪ್ಪು ದ್ರಾವಣದಲ್ಲಿ ಅದ್ದಿ, ಓವನ್ನಿಗೆ ಇಟ್ಟು ಒಣಗಿಸಿ ಕಳಿಸಬೇಕು. ತೇವ ಉಳಿಯಬಾರದು. ಉಳಿದರೆ ಕಾದ ಕಬ್ಬಿಣ ತಾಗಿದ ಕೂಡಲೇ ಆ ನೀರು ಆವಿಯಾಗಿ ದಾರಿ ಹುಡುಕುತ್ತದೆ. ದಾರಿ ಸಿಗದಿದ್ದರೆ ಕಬ್ಬಿಣವನ್ನೇ ಅಚ್ಚಿನಿಂದ ಮೇಲಕ್ಕೆ ಉಗುಳುತ್ತದೆ.

ಒಣಗಿದೆಯೋ ಇಲ್ಲವೋ ನೋಡುವುದಕ್ಕೆ ಮೀಟರ್ ಇದೆ. ಅಕ್ಕ ಮೀಟರ್ ಹಿಡಿಯುತ್ತಿದ್ದರು, ಸೂಪರ್‌ವೈಸರ್ ನೋಡುವಷ್ಟು ಹೊತ್ತು. ಆಮೇಲೆ ಕೋರನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಎಡಗೆನ್ನೆಗೆ ಇಟ್ಟುಕೊಳ್ಳುತ್ತಿದ್ದರು. ಜ್ವರ ಬಂದ ಮಗುವನ್ನು ನೋಡುವ ಹಾಗೆ. "ಬೆವ್ತಿದ್ದೀಯಾ ಮಗ?" ಅನ್ನುತ್ತಿದ್ದರು. ಅನುಮಾನ ಬಂದರೆ, "ಇವ್ನಿಗಿನ್ನೂ ನೆಗಡಿ" ಎಂದು ವಾಪಸ್ಸು ಓವನ್ನಿಗೆ.

ಅಕ್ಕನ ಕೆನ್ನೆ ಮೀಟರನ್ನು ಸೋಲಿಸುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಮೀಟರ್ ಸರಿಯಾಗೇ ಇತ್ತು. ಅಕ್ಕ ನೆಗಡಿ ಅಂದ ಕೋರುಗಳಲ್ಲಿ ಮುಕ್ಕಾಲುಪಾಲು ಚೆನ್ನಾಗಿ ಒಣಗಿರುತ್ತಿದ್ದವು. ಸುಮ್ಮನೆ ಎರಡೆರಡು ಸಲ ಓವನ್ ಕಂಡು, ಕೆಲವು ಸೀದು, ಮುರಿದು, ಲೈನು ನಿಂತು, ಸೂಪರ್‌ವೈಸರ್ ಮೇಲಿನವರ ಹತ್ತಿರ ಬೈಸಿಕೊಂಡು ಬರುತ್ತಿದ್ದರು.

"ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ಮೀಟರ್ ಓಕೆ ಅಂತದೆ, ಬಿಟ್ಬಿಡಿ."

"ಮೀಟ್ರು ಓಕೆ ಅಂತದೆ ಸಾ. ಅದ್ಕೇನು, ಅದು ಆಚೆ ಕಡೆ ನಿಂತ್ಕಂಡು ಕಬ್ಣ ಉಯ್ಯಲ್ವಲ್ಲ."

ಸೂಪರ್‌ವೈಸರ್ ಅಷ್ಟಕ್ಕೇ ತಿರುಗಿ ಹೋಗುತ್ತಿದ್ದರು. ಯಾಕೆಂದು ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರಿಂದಲೇ ಒಂದು ದಿನ ಕ್ಯಾಂಟೀನಿನಲ್ಲಿ ಅಕ್ಕನ ಐಟಂ ಮಾಡಿದೆ. ಮುಖಕ್ಕೆ ತವೆಯ ಮಸಿ ಬಳಿದುಕೊಂಡು, ಒಂದು ಬನ್ನನ್ನು ಎರಡು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಕೆನ್ನೆಗಿಟ್ಟು, "ಬೆವ್ತಿದ್ದೀಯಾ ಮಗ?" ಅಂದೆ. ಜನ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಂತಿತು. ಅಕ್ಕ ನನ್ನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದರು.

"ಎಡಗೆನ್ನೆ ಕಣ್ಲಾ," ಅಂದರು.

"ಆಂ?"

"ನೀನು ಬಲಗೆನ್ನೆಗೆ ಇಟ್ಕಂಡಿದ್ದೀಯ. ಬಲಗಡೆ ಓವನ್ ಕಡೆಗಿರ್ತದೆ, ಯಾವಾಗ್ಲೂ ಕಾದಿರ್ತದೆ, ಆ ಕೆನ್ನೆಗೆ ಏನೂ ತಿಳಿಯಲ್ಲ. ಮಾಡದಾದ್ರೆ ಸರ್ಯಾಗ್ ಮಾಡು." ಬನ್ನನ್ನು ಕಣ್ಣಲ್ಲೇ ತೋರಿಸಿ, "ಅದ್ನ ತಿನ್ಬುಡು. ನೆಗಡಿಯೇನೂ ಇಲ್ಲ ಅದ್ಕೆ" ಎಂದು ಹೋಗಿ ಕೂತರು.

ಅವತ್ತಿನಿಂದ ನಾನು ಅಕ್ಕನ ಚೇಲ. ಅವರ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು, ಅದರ ಖಾರ ಇರುತ್ತಿತ್ತು. ನನ್ನ ಡಬ್ಬಿಯ ಚಿತ್ರಾನ್ನ ನೋಡಿ, "ನಿಮ್ಮವ್ವನ್ಗೆ ನಿನ್ ಮೇಲೆ ಏನ್ ಕ್ವಾಪವೋ" ಎಂದು ಅರ್ಧ ಮುದ್ದೆ ಇಡುತ್ತಿದ್ದರು. ಕಂಪನಿಯ ನೀಲಿ ಕೋಟನ್ನು ಸೀರೆಯ ಮೇಲೆ ಹಾಕಿಕೊಳ್ಳುವಾಗ ಒಂದು ಗುಂಡಿ ಯಾವಾಗಲೂ ತಪ್ಪು ಕಾಜಕ್ಕೆ ಹೋಗಿ ಕೋಟು ಓರೆಯಾಗಿರುತ್ತಿತ್ತು. ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ನನ್ನ ಮದುವೆಯ ಚಿಂತೆ ನನ್ನ ತಾಯಿಗಿಂತ ಅವರಿಗೆ ಜಾಸ್ತಿ. "ನಿನ್ಗೆ ಎಣ್ಣು ಕೊಡೋರು ಯಾವ್ ಗಂಟ್ಲು ನೋಡಿ ಕೊಡ್ಬೇಕ್ಲಾ? ಮ್ಯಾನೇಜ್ರುದು ನೋಡಿ ಕೊಟ್ಟು, ಮನೇಗ್ ಬಂದ್ ಮೇಲೆ ಕ್ಯಾಂಟೀನ್‌ನೋನ್ ಸಿಕ್ಕಿದ್ರೆ?"

ಕಂಪನಿಯ ಬಸ್ಸಿನಲ್ಲಿ ಇಬ್ಬರೂ ನರಸೀಪುರದವರೆಗೆ ಒಟ್ಟಿಗೆ ಬರುತ್ತಿದ್ದೆವು. ನನ್ನ ಮನೆ ಅಲ್ಲೇ. ಅಕ್ಕ ಅಲ್ಲಿಂದ ಮೂಗೂರಿನ ಬಸ್ಸು ಹಿಡಿಯಬೇಕು. ಸುತ್ತೂರು ಬರುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ನಿದ್ದೆ. ಒಂದು ದಿನ ಆ ದಾರಿಯಲ್ಲೇ ಅಕ್ಕ ತಮ್ಮ ಕಥೆ ಹೇಳಿದ್ದು, ಯಾರೋ ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ.

ಕೋರ್ ಶಾಪಿಗೂ ಕಬ್ಬಿಣ ಹೊಯ್ಯುವ ಕಡೆಗೂ ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಗೆ ರಬ್ಬರಿನ ಪರದೆ. ಅಕ್ಕ ಕೋರನ್ನು ರೋಲರಿನ ಮೇಲಿಟ್ಟು ನೂಕಿದರೆ ಅದು ಪರದೆ ಸರಿಸಿಕೊಂಡು ಆಚೆ ಹೋಗುತ್ತದೆ. ಆ ಗೋಡೆಯ ಆಚೆ ಅಕ್ಕನ ಗಂಡ ಕೆಲಸ ಮಾಡುತ್ತಿದ್ದರು. ಲೇಡಲ್, ಅಂದರೆ ಕರಗಿದ ಕಬ್ಬಿಣ ತುಂಬಿದ ತೊಟ್ಟಿಯನ್ನು ಬಗ್ಗಿಸಿ ಅಚ್ಚಿಗೆ ಹೊಯ್ಯುವ ಕೆಲಸ. ಒಂದು ದಿನ ಒಂದು ಅಚ್ಚು ಕಬ್ಬಿಣವನ್ನು ಉಗುಳಿತು. ಅವರು ಹಿಂದೆ ಸರಿಯುವಾಗ ಲೇಡಲ್ ಓಲಾಡಿ ಕಬ್ಬಿಣ ಮೈಮೇಲೆ ಚೆಲ್ಲಿತು. ತೇವ ಇದ್ದದ್ದು ಹೊರಗಿನ ಮರಳಿನಲ್ಲೋ ಒಳಗಿನ ಕೋರಿನಲ್ಲೋ ಯಾರಿಗೂ ತಿಳಿಯಲಿಲ್ಲ. ಅಲ್ಲೇ ಹೋಗಿಬಿಟ್ಟರು. ಊರಿಗೆ ತಂದಾಗ ಸುತ್ತಿದ್ದ ಬಟ್ಟೆ ಬಿಚ್ಚಲು ಯಾರೂ ಬಿಡಲಿಲ್ಲ. ಈಗ ಬನ್ನೂರಿಗೆ ಮದುವೆ ಮಾಡಿ ಕೊಟ್ಟಿರುವ ಅವರ ಮಗಳು ಆಗ ಇನ್ನೂ ಚಿಕ್ಕವಳು. ಕಂಪನಿಯವರು ಅಕ್ಕನಿಗೆ ಕೆಲಸ ಕೊಟ್ಟರು, ಗೋಡೆಯ ಈಚೆಗೆ.

"ಮಣ್ ಮಾಡೋ ದಿನ ಯಾರೋ ಅಂದ್ರು ಕಣ್ಲಾ, ಕಬ್ಣ ಎಗರ್ದೇಟ್ಗೆ ಎಲ್ರೂ ಓಡೋಗ್ಬುಟ್ರಂತೆ ಅಂತ. ಓಡ್ದೆ ಏನ್ ಮಾಡ್ತಾರೆ, ಓಡ್ಬೇಕು ಅಂತ್ಲೇ ಏಳ್ಕೊಟ್ಟಿರ್ತಾರೆ. ನಾನೇನ್ ಅವ್ರ್ನ ಬಯ್ಯಲ್ಲ." ಕಿಟಕಿಯ ಕಡೆ ತಿರುಗಿದರು. "ಅಲ್ಲಿ ಒಬ್ರೇ ಬಿದ್ದಿದ್ರಲ್ಲ, ಎಷ್ಟೊತ್ ಬಿದ್ದಿದ್ರೋ, ಯಾರ್ನ ಕರೆದ್ರೋ. ಅದೊಂದು ಗೊತ್ತಾಗ್ನಿಲ್ಲ. ಆ ಜಾಗಾನೂ ನೋಡ್ನಿಲ್ಲ ನಾನು."

ಆಚೆ ಕಡೆಗೆ ಕೋರ್ ಶಾಪಿನ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಎಲ್ಲೂ ಬರೆದಿಟ್ಟದ್ದಲ್ಲ, ಹೊಯ್ಯುವವರೇ ಮಾಡಿಕೊಂಡದ್ದು. ಮತ್ತೆ ಅಕ್ಕನ ವಿಷಯಕ್ಕೆ ಬಂದರೆ, ಆ ಪದ್ಧತಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವರು ಒಬ್ಬರಿದ್ದರು. ಅಲ್ಲಿಯ ಮೇಸ್ತ್ರಿ. ಅಕ್ಕನ ಗಂಡನ ಜೊತೆಗಾರರು, ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದವರು. ಅವತ್ತು ಅದೇ ಲೇಡಲ್ ಹತ್ತಿರ ನಿಂತಿದ್ದವರು. ಆ ಘಟನೆಯಾದ ಮೇಲೆ ಅವರು ಅಕ್ಕನ ಹತ್ತಿರ ಮಾತಾಡಿರಲಿಲ್ಲ. ಕ್ಯಾಂಟೀನಿಗೆ ಅಕ್ಕ ಬಂದರೆ ಕೈಯಲ್ಲಿರುವ ಟೀ ಮುಗಿಸದೆ ಎದ್ದು ಹೋಗುತ್ತಿದ್ದರು. ಅಕ್ಕ ಒಂದೆರಡು ಸಲ ಬೇರೆಯವರ ಕೈಯಲ್ಲಿ ಕೇಳಿಸಿದ್ದರಂತೆ, ಆ ಜಾಗ ಒಂದ್ಸಲ ನೋಡ್ತೀನಿ ಅಂತ. "ಬೇಡ ಅನ್ನು" ಎಂದು ಉತ್ತರ ಬಂದಿತ್ತು.

"ಅವ್ರೂ ಓಡೋದ್ರೇನೋ, ಪಾಪ, ಅದ್ಕೇ ಮುಖ ತೋರ್ಸಲ್ಲ," ಅಂದರು ಅಕ್ಕ. "ಓಡೋಗಿದ್ರೆ ಓಡೋದೆ ಅಂದ್ರಾಯ್ತು. ನಾನೇನ್ ಕಚ್ತೀನಾ?"

ನರಸೀಪುರ ಬಂತು. ಅಕ್ಕ ಇಳಿದು ಮೂಗೂರಿನ ಬಸ್ಸಿಗೆ ಓಡಿದರು.

ಹೀಗಿರುವಾಗ ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಬಂತು. ಕಾರು ಕಂಪನಿಯವರು ಇನ್ನು ಕಬ್ಬಿಣದ ಬ್ಲಾಕ್ ಬೇಡ ಅಂದಿದ್ದರು. ಅವರಿಗೆ ಈಗ ಅಲ್ಯೂಮಿನಿಯಂ ಬೇಕು, ನಾಳೆ ಬ್ಯಾಟರಿ ಕಾರು ಬಂದರೆ ಅದೂ ಬೇಡ. ತಿಂಗಳ ಕೊನೆಗೆ ಬ್ಲಾಕ್ ಲೈನು ನಿಲ್ಲುತ್ತದೆ, ನಾವೆಲ್ಲ ಬ್ರೇಕ್ ಡ್ರಮ್ಮಿಗೆ ಹೋಗುತ್ತೇವೆ, ಆಚೆ ಕಡೆಯ ನೆಲ ಅಗೆದು ಹೊಸ ಮೆಷಿನ್ನು ಕೂರಿಸುತ್ತಾರೆ. ಜನ ಓವರ್‌ಟೈಮ್ ಹೋಯಿತೆಂದು ಗೊಣಗಿದರು. ಅಕ್ಕ ಆ ಹಾಳೆಯನ್ನು ನನ್ನ ಕೈಯಲ್ಲಿ ಮತ್ತೆ ಓದಿಸಿದರು.

"ನೆಲಾನೇ ಅಗೀತಾರಾ?"

"ಅಗೀತಾರೆ ಅಕ್ಕ."

ಆಮೇಲೆ ಆ ವಾರ ಪೂರ್ತಿ ಅಕ್ಕನಿಗೆ ಎಲ್ಲ ಕೋರಿಗೂ ನೆಗಡಿ. ಸೂಪರ್‌ವೈಸರ್ ತಲೆ ಮೇಲೆ ಕೈಹೊತ್ತು ಕೂತರು. ಯಾರೂ ಬೈಯಲಿಲ್ಲ.

ನನಗೆ ಗೊತ್ತಿರುವ ವಿದ್ಯೆ ಒಂದೇ ಅಂದೆನಲ್ಲ. ಬ್ಲಾಕ್ ಲೈನಿನ ಕೊನೆಯ ದಿನ ಮಧ್ಯಾಹ್ನ, ಕೋರ್ ಶಾಪಿನ ಇಂಟರ್‌ಕಾಮ್ ಎತ್ತಿಕೊಂಡು ಆಚೆಗೆ ಫೋನ್ ಮಾಡಿದೆ. ಮೇಸ್ತ್ರಿಯೇ ಎತ್ತಿದರು. ನಾನು ಗಂಟಲು ಸರಿಮಾಡಿಕೊಂಡು ಮ್ಯಾನೇಜರ್ ಆದೆ.

"ಸೀ, ಮೇಸ್ತ್ರಿ, ಇವತ್ತು ಲಾಸ್ಟ್ ಡೇ. ಸೀ, ಕೋರ್ ಶಾಪ್ ಲೇಡಿ ಒಬ್ರು ಬರ್ತಾರೆ, ಪೋರಿಂಗ್ ನೋಡ್ಲಿ. ಸೀ, ನಾನು ಪರ್ಮಿಶನ್ ಕೊಟ್ಟಿದ್ದೀನಿ."



"ಲೇ," ಅಂದರು ಮೇಸ್ತ್ರಿ ಮೆಲ್ಲಗೆ, "ಸಾಹೇಬ್ರು ನನ್ ಎದ್ರುಗೇ ನಿಂತವ್ರೆ ಕಣ್ಲಾ."

ನನ್ನ ಡಿಪ್ಲೊಮಾ, ನನ್ನ ಕೆಲಸ, ಮುಂದೆ ನನಗೆ ಹೆಣ್ಣು ಕೊಡಬೇಕಾಗಿದ್ದ ಯಾರೋ ಮಾವ, ಎಲ್ಲರೂ ಒಟ್ಟಿಗೆ ಕಣ್ಣ ಮುಂದೆ ಹಾದು ಹೋದರು. ಅಷ್ಟರಲ್ಲಿ ಫೋನು ಕೈ ಬದಲಾಯಿತು.

"ಸೀ," ಅಂದಿತು ನಿಜವಾದ ಗಂಟಲು. "ನಾನು ಏನಕ್ಕೆ ಪರ್ಮಿಶನ್ ಕೊಟ್ಟೆ ಅಂತ ನನಗೂ ಹೇಳಪ್ಪ."

ಹೇಳಿದೆ. ಯಾರ ಗಂಟಲೂ ಸಿಗದೆ ನನ್ನದರಲ್ಲೇ ಹೇಳಿದೆ. ಅಕ್ಕ ಯಾರು, ಆ ಜಾಗ ಯಾವುದು, ನಾಳೆಯಿಂದ ಅದು ಇರುವುದಿಲ್ಲ, ಎಲ್ಲ. ಮ್ಯಾನೇಜರ್ ಆ ಅಪಘಾತವಾಗಿ ಎಷ್ಟೋ ವರ್ಷದ ಮೇಲೆ ಬಂದವರು, ಅವರಿಗೆ ಏನೂ ಗೊತ್ತಿರಲಿಲ್ಲ. ಪೂರ್ತಿ ಕೇಳಿ, "ಸೀ, ಹೆಲ್ಮೆಟ್ಟು ಕನ್ನಡಕ ಹಾಕ್ಸಿ. ಆದ್ರೆ ಅಲ್ಲಿಗೆ ಮೇಸ್ತ್ರಿನೇ ಯಜಮಾನ, ಅವರನ್ನೇ ಕೇಳ್ಬೇಕು" ಅಂದರು. ಆಮೇಲೆ ಸ್ವಲ್ಪ ತಡೆದು, "ನಾನು ಅಷ್ಟೊಂದು ಸಲ 'ಸೀ' ಅಂತೀನೇನ್ರೀ?" ಅಂದರು.

ಮತ್ತೆ ಮೇಸ್ತ್ರಿ ಬಂದರು. ಹಿಂದೆ ಎಲ್ಲೋ ಕ್ರೇನು ಕೂಗುತ್ತಿತ್ತು. ನಾನೇ ಇಟ್ಟುಬಿಡಲೇ ಅಂದುಕೊಳ್ಳುವಷ್ಟು ಹೊತ್ತಾಯಿತು.

"ಕರ್ಕಂಡ್ ಬಾ ಅವ್ಳ್ನ," ಅಂದರು.

ಅಕ್ಕನಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಕೋರನ್ನು ಮೊದಲು ರೋಲರಿನ ಮೇಲಿಟ್ಟು ನೂಕಿದರು. ಕೋಟು ಬಿಚ್ಚಿ ಮತ್ತೆ ಹಾಕಿಕೊಂಡರು. ಈ ಸಲವೂ ಗುಂಡಿ ತಪ್ಪಿತು. ಹೆಲ್ಮೆಟ್ ಅವರಿಗೆ ದೊಡ್ಡದಾಗಿ ಕಿವಿ ಮುಚ್ಚಿತು. ದಾರಿಯಲ್ಲಿ ನಗಿಸೋಣ ಎಂದು ಬಾಯಿ ತೆರೆದೆ. ಅವರು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡದ್ದರಿಂದ ಮುಚ್ಚಿಕೊಂಡೆ.

ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದರು. ಈಚೆಗೆ ಕೊಡತೊಡಗಿದ, ಮೊಣಕೈ ದಾಟುವ ಚರ್ಮದ ಕೈಗವಸು, ಎದೆಗೆ ಚರ್ಮದ ಏಪ್ರನ್ನು. ಅಕ್ಕನ ಮುಖ ನೋಡಲಿಲ್ಲ. "ಬಾವ್ವ" ಎಂದು ಮುಂದೆ ನಡೆದರು.

"ಎಲ್ಲಿ ಮೇಸ್ತ್ರಣ್ಣ?" ಅಂದರು ಅಕ್ಕ.

ಅವರು ಗದ್ದದಲ್ಲಿ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ. ಅಂದರೆ ಎಲ್ಲ ಕಡೆ ಇರುವ ಹಾಗೆ ಸಿಮೆಂಟಿನ ನೆಲ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಊಟದ ಚೀಲಗಳು, ಸ್ಟೂಲಿನ ಮೇಲೆ ಕೆಲಸದವರಿಗೆ ಕೊಡುವ ಮಜ್ಜಿಗೆಯ ಕ್ಯಾನು. ಅಕ್ಕ ಬಹಳ ಹೊತ್ತು ನೆಲವನ್ನು ನೋಡಿದರು. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟು ದೊಡ್ಡ ಜಾಗ ಕಟ್ಟಿಕೊಂಡಿದ್ದರೋ. ಬಗ್ಗಿ ಅಂಗೈಯನ್ನು ಸಿಮೆಂಟಿಗೆ ಇಟ್ಟರು. ತೆಗೆದರು.

ಅಷ್ಟರಲ್ಲಿ ಲೇಡಲ್ ಬಂತು. ನಮ್ಮನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದರು. ಅಚ್ಚಿನೊಳಗೆ ಬೆಳಿಗ್ಗೆ ಅಕ್ಕ ಕೆನ್ನೆಗಿಟ್ಟು ಕಳಿಸಿದ ಕೋರು ಕೂತಿತ್ತು. ಲೇಡಲ್ ಬಗ್ಗಿತು. ಕಬ್ಬಿಣ ಸದ್ದಿಲ್ಲದೆ, ಕಾಸಿದ ತುಪ್ಪದ ಹಾಗೆ ಇಳಿಯಿತು. ಅಚ್ಚಿನ ಮೇಲಿನ ಸಣ್ಣ ಸಣ್ಣ ಗಾಳಿಕಿಂಡಿಗಳಲ್ಲಿ ನೀಲಿ ಉರಿ ಹೊತ್ತಿಕೊಂಡು, ಒಂದೊಂದಾಗಿ ಕುಗ್ಗಿ ಆರಿಹೋಯಿತು. ಏನೂ ಎಗರಲಿಲ್ಲ. ಅಕ್ಕ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

"ಇಷ್ಟೇ ಒತ್ತಾ?" ಅಂದರು.

"ಇಷ್ಟೇ ಕಣವ್ವ."

"ಅವತ್ತು?"

ಮೇಸ್ತ್ರಿ ಮೊದಲ ಸಲ ಅವರ ಮುಖ ನೋಡಿದರು. "ಅವತ್ತೂ ಇಷ್ಟೇ. ಇದ್ಕಿಂತ್ಲೂ ಕಮ್ಮಿ. ಅವ್ನಿಗೆ ಗೊತ್ತೇ ಆಗ್ನಿಲ್ಲ. ಬಿದ್ದೇಟ್ಗೆ ಓಗ್ಬುಟ್ಟ. ನೋವೇ ಆಗ್ನಿಲ್ಲ ಕಣವ್ವ ಅವ್ನಿಗೆ."

ಬೇರೆಯವರ ಗಂಟಲಲ್ಲಿ ಬದುಕುವವನಿಗೆ ಒಂದು ಕಾಯಿಲೆ ಇರುತ್ತದೆ. ಯಾವ ಮಾತು ಅವರವರದ್ದಲ್ಲ ಅನ್ನುವುದು ಕಿವಿಗೆ ಬಂದು ಬಡಿಯುತ್ತದೆ. ಮೇಸ್ತ್ರಿ ಆ ಮಾತುಗಳನ್ನು ಎಷ್ಟೋ ವರ್ಷ ಒಳಗೆ ಹೇಳಿ ಹೇಳಿ ಸಿದ್ಧ ಮಾಡಿಕೊಂಡಿದ್ದರು. ಒಂದು ಅಕ್ಷರವೂ ತೊದಲಲಿಲ್ಲ. ಅಷ್ಟು ಚೆನ್ನಾಗಿ ಹೇಳಿದ್ದರಿಂದಲೇ ನನಗೆ ಅದು ಸುಳ್ಳೆಂದು ಗೊತ್ತಾಯಿತು.

ಅಕ್ಕ ತಲೆಯಾಡಿಸಿದರು. ಮೇಸ್ತ್ರಿ ಕೈಗವಸು ಕಳಚಿ, ಲೋಟ ತೊಳೆದು, ಕ್ಯಾನಿನಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟರು. ಅವರ ಎರಡೂ ಕೈಯ ಚರ್ಮ ಮಣಿಕಟ್ಟಿನಿಂದ ಮೊಣಕೈಯವರೆಗೆ ಕರಗಿ ಹೆಪ್ಪುಗಟ್ಟಿದ ಮೇಣದ ಹಾಗಿತ್ತು. ಕಬ್ಬಿಣ ಹೊಯ್ಯುವವರಲ್ಲಿ ಸುಟ್ಟ ಕಲೆ ಇಲ್ಲದವರು ಯಾರು ಅಂದುಕೊಂಡೆ. ಅಕ್ಕ ಲೋಟ ತೆಗೆದುಕೊಳ್ಳುವುದಕ್ಕೆ ಸ್ವಲ್ಪ ತಡಮಾಡಿದರು. ಆಮೇಲೆ ಪೂರ್ತಿ ಕುಡಿದು, "ಬತ್ತೀನಿ ಅಣ್ಣ" ಅಂದರು.

ಅವತ್ತು ಸಂಜೆ ಬಸ್ಸು ಸುತ್ತೂರು ದಾಟಿತು. ನನಗೆ ತಡೆಯಲಿಲ್ಲ.

"ಅಕ್ಕ, ಮೇಸ್ತ್ರಿ ಅಂದಿದ್ದು ನಂಬಿದ್ರಾ?"

"ಯಾವ್ದು, ನೋವೇ ಆಗ್ನಿಲ್ಲ ಅಂದದ್ದಾ?" ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಸುಳ್ಳು ಕಣ್ಲಾ ಅದು. ಅವ್ರ್ ಕೈ ನೋಡ್ನಿಲ್ವಾ ನೀನು?"

"ನೋಡ್ದೆ. ಎಲ್ರ್ ಕೈಯೂ ಹಾಗೇ ಅಲ್ವಾ?"

"ಎಗರಿ ಬಿದ್ದದ್ದಾದ್ರೆ ಚುಕ್ಕೆ ಚುಕ್ಕೆ ಸುಟ್ಟಿರ್ತದೆ. ನಮ್ಮೋರ್ ಕೈಯೂ ಅಂಗೇ ಇತ್ತು, ನಂಗ್ ಗೊತ್ತಿಲ್ವಾ? ಇವ್ರದ್ದು ಎರ್ಡೂ ಕೈ, ಮೊಣಕೈ ಗಂಟ. ಅದು ನಮ್ಮೋರ್ನ ಇಡ್ಕಂಡು ಸುಟ್ಟಿರೋದು ಕಣ್ಲಾ. ಬುಡ್ದೆ ಇಡ್ಕಂಡು." ಅವರ ಭುಜ ಕುಣಿಯುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡೆ. "ಒಂದ್ಗಳ್ಗೇಲಿ ಓಗ್ಬುಟ್ಟಿದ್ರೆ ಅಷ್ಟು ಸುಡ್ತಿತ್ತಾ? ಬಾಳ ಒತ್ತಾಗದೆ. ಬಾಳ ಒತ್ತು ಇಡ್ಕಂಡವ್ರೆ." ಆಮೇಲೆ, "ಅವ್ರು ಒಬ್ರೇ ಇರ್ನಿಲ್ಲ ಕಣ್ಲಾ. ಅಷ್ಟ್ ಸಾಕು ನನ್ಗೆ" ಅಂದರು.

ನರಸೀಪುರದಲ್ಲಿ ಇಳಿಯುವಾಗ, "ನೀನ್ ಎಲ್ಲೂ ಬಾಯ್ ಬುಡ್ಬೇಡ. ನಾನೇ ಏಳ್ತೀನಿ ಅವ್ರ್ಗೆ. ಈಗ ಬ್ಯಾಡ, ನನ್ಗೂ ಅಳು ಬತ್ತದೆ" ಅಂದರು.

ಅಕ್ಕ ಕೊನೆಗೂ ಹೇಳಲಿಲ್ಲ. ಬ್ಲಾಕ್ ಲೈನು ನಿಂತ ಕೂಡಲೇ ಮೇಸ್ತ್ರಿ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಅಕ್ಕನಿಗೆ ಕೆಮ್ಮು ಶುರುವಾಯಿತು. ಮೊದಮೊದಲು ಧೂಳು ಅಂದರು, ಆಮೇಲೆ ಮೈಸೂರಿಗೆ ಸೇರಿಸಿದರು. ನೋಡಲು ಹೋದರೆ, "ಎದೇಲಿ ನೀರು ನಿಂತದಂತೆ ಕಣ್ಲಾ. ನನ್ಗೇ ಸರ್ಯಾಗಿ ಒಣಗ್ನಿಲ್ಲ" ಅಂದರು. ನಾನು ಮ್ಯಾನೇಜರ್ ಮಾಡಿದೆ, ಕ್ಯಾಂಟೀನಿನವನನ್ನು ಮಾಡಿದೆ. ನಕ್ಕು ನಕ್ಕು ಕೆಮ್ಮು ಬಂದು, ನರ್ಸು ನನ್ನನ್ನು ಹೊರಗೆ ಕಳಿಸಿದರು. ಬಾಗಿಲಿನಿಂದ ತಿರುಗಿ ನೋಡಿದೆ. ಎರಡೂ ಕೆನ್ನೆ ಒಂದೇ ಬಣ್ಣ. ಅದೇ ಮೊದಲ ಸಲ ನನಗೆ ಭಯವಾದದ್ದು. "ಎದ್ಮೇಲೆ ಮೇಸ್ತ್ರಣ್ಣನ್ ಮನೇಗ್ ಓಗ್ಬೇಕು, ನೀನೂ ಬಾ" ಅಂದಿದ್ದರು.

ಮಣ್ಣಿನ ದಿನ ಮೇಸ್ತ್ರಿ ಬಂದಿದ್ದರು. ಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿತ್ತು. ಎಲ್ಲರೂ ಮಣ್ಣು ಹಾಕಿ ಸರಿದ ಮೇಲೆ, ಹೊಲದ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತರು. ಬಹಳ ಹೊತ್ತು ಒಂದು ಹುಲ್ಲುಕಡ್ಡಿ ಮುರಿಯುತ್ತಿದ್ದರು.

"ಅವತ್ತು ಬಸ್ನಲ್ಲಿ ಏನಾರ ಅಂದ್ಲೇನ್ಲಾ? ನಂಬಿದ್ಲಾ ನನ್ ಮಾತ್ನ?"

"ಇಲ್ಲ ಮೇಸ್ತ್ರಣ್ಣ," ಅಂದೆ. "ನಿಮ್ ಕೈ ನೋಡಿದ್ರು."

ಅವರು ಕಡ್ಡಿ ಮುರಿಯುವುದನ್ನು ನಿಲ್ಲಿಸಿದರು. ಅಕ್ಕ ಬಸ್ಸಿನಲ್ಲಿ ಹೇಳಿದ್ದನ್ನು ಹೇಳಿದೆ. ಬಿಡದೆ ಹಿಡಿದುಕೊಂಡಿದ್ದದ್ದು, ಬಹಳ ಹೊತ್ತು ಆಗಿದ್ದದ್ದು. ಕೊನೆಯ ಮಾತನ್ನು ಅಕ್ಕ ಹೇಳಿದ ಹಾಗೇ ಹೇಳಿದೆ. "ಅವ್ರು ಒಬ್ರೇ ಇರ್ನಿಲ್ಲ ಕಣ್ಲಾ. ಅಷ್ಟ್ ಸಾಕು ನನ್ಗೆ."

ಮೇಸ್ತ್ರಿ ಆ ಕಡೆಗೆ ಮುಖ ತಿರುಗಿಸಿದರು. ಹೊಸ ಮಣ್ಣಿನ ಮೇಲೆ ಯಾರೋ ನೀರು ಚಿಮುಕಿಸುತ್ತಿದ್ದರು.

"ಇನ್ನೊಂದ್ಸಲ ಏಳ್ಲಾ," ಅಂದರು.

ಹೇಳಿದೆ.